ನೆಟ್ಟಗೆ ನಿಂತ ಸೂಜಿಗಳು

ಮಾವನ ಬೋಟಿನ ಮೀಟರುಗಳನ್ನು ಮೊದಲ ಸಲ ಕಂಡವರಿಗೆ, ಕೆಲಸ ಗೊತ್ತಿಲ್ಲದ ಯಾರೋ ಅವನ್ನು ಕೂರಿಸಿ ಹೋಗಿದ್ದಾರೆ ಅನ್ನಿಸುತ್ತಿತ್ತು. ಚುಕ್ಕಾಣಿಯ ಎದುರಿನ ಹಲಗೆಯಲ್ಲಿ ಐದು ದುಂಡನೆಯ ಮೀಟರು. ಒಂದರ ಸೊನ್ನೆ ಬಲಬದಿಗೆ ಹೊರಳಿದೆ, ಇನ್ನೊಂದರ ಅಂಕಿಗಳು ಹೆಚ್ಚುಕಡಿಮೆ ಬುಡಮೇಲಾಗಿವೆ, ಮೂರನೆಯದರ ಮೇಲಿನ ಅಕ್ಷರಗಳು ಓರೆಯಾಗಿ ಮೇಲಕ್ಕೆ ಹತ್ತಿವೆ. ಎಂಜಿನ್ ನಿಂತಿದ್ದಾಗ ಐದು ಸೂಜಿಗಳೂ ಒಂದೊಂದು ದಿಕ್ಕಿಗೆ ಬಿದ್ದುಕೊಂಡಿರುತ್ತಿದ್ದವು. ಬೋಟು ಅಳಿವೆ ದಾಟಿ, ಎಂಜಿನ್ ಹದಕ್ಕೆ ಬಿಸಿಯಾಗಿ, ತನ್ನ ಓಟಕ್ಕೆ ಕೂತ ಮೇಲೆ ನೋಡಬೇಕು: ಐದೂ ಸೂಜಿಗಳು ನೆಟ್ಟಗೆ ಮೇಲೆ ನೋಡುತ್ತ ನಿಂತಿರುತ್ತಿದ್ದವು.

ಮಾವ ಬೇಕೆಂದೇ ಹಾಗೆ ಮಾಡಿದ್ದರು. ಹಲಗೆಯ ಹಿಂದೆ ಕೈಹಾಕಿ, ಪ್ರತಿ ಮೀಟರಿನ ನಟ್ಟು ಸಡಿಲಿಸಿ, ಓಡುವಾಗ ಸೂಜಿ ಎಲ್ಲಿರಬೇಕೋ ಆ ಜಾಗ ಮೇಲ್ತುದಿಗೆ ಬರುವಂತೆ ಮೀಟರನ್ನೇ ತಿರುಗಿಸಿ ಮತ್ತೆ ಬಿಗಿದಿದ್ದರು. ನಾನು ಪಿಯುಸಿ ಮುಗಿಸಿ ಬೋಟಿಗೆ ಹೋದ ಹೊಸತರಲ್ಲಿ ಅಂಕಿಗಳನ್ನು ಓದಲು ಕತ್ತು ಓರೆಮಾಡುತ್ತಿದ್ದೆ. ಅವರು ನನ್ನ ತಲೆ ಹಿಡಿದು ನೇರಮಾಡಿ, “ನಂಬ್ರ ಓದ್ಬೇಡ. ಸೂಜಿ ನೆಟ್ಗಿತ್ತಾ ಕಾಣ್, ಅಷ್ಟೇ” ಎಂದರು. ಎಂಜಿನ್ನಿನ ವಿಷಯದಲ್ಲಿ ನಾನು ಕಲಿತ ಮೊದಲ ಪಾಠ ಅದು. ಆಮೇಲೆ ಐಟಿಐ ಓದಿದೆ, ಗ್ಯಾರೇಜುಗಳಲ್ಲಿ ದುಡಿದೆ, ಈಗ ಬೋಟಿನ ಎಂಜಿನ್ ರಿಪೇರಿಯೇ ನನ್ನ ಅನ್ನ. ಆ ಪಾಠವನ್ನು ಬದಲಿಸಬೇಕಾದ ಸಂದರ್ಭ ಇದುವರೆಗೆ ಬಂದಿಲ್ಲ.

ಅದು ತೊಂಬತ್ತರ ದಶಕದ ಆರಂಭ. ಮಲ್ಪೆ ಬಂದರಿನ ಮರದ ಟ್ರಾಲ್ ಬೋಟು, ಒಳಗೆ ಅಶೋಕ್ ಲೇಲ್ಯಾಂಡಿನ 370 ಎಂಜಿನ್. ಆ 370 ಎಂದರೆ ಆರು ಸಿಲಿಂಡರುಗಳ ಒಟ್ಟು ಗಾತ್ರ ಘನ ಇಂಚುಗಳಲ್ಲಿ. ಲೀಟರಿನ ಲೆಕ್ಕದಲ್ಲಿ ಆರರ ಆಸುಪಾಸು. ಮಲ್ಪೆಯವರ ಬಾಯಲ್ಲಿ ಅಂಥ ಬೋಟುಗಳೆಲ್ಲ ‘ತ್ರಿಸೆವೆಂಟಿ’. ಘಾಟಿಯಲ್ಲಿ ಲಾರಿ, ಬಸ್ಸುಗಳನ್ನು ಎಳೆದ ಎಂಜಿನ್ನಿನ ಕುಲವೇ ಅದು. ಆದರೆ ಲಾರಿಯ ಎಂಜಿನ್ನಿಗೆ ಇಳಿಜಾರಿನಲ್ಲಿ ಬಿಡುವು ಸಿಗುತ್ತದೆ, ಊಟದ ಹೋಟೆಲಿನ ಮುಂದೆ ವಿಶ್ರಾಂತಿ ಸಿಗುತ್ತದೆ. ಬಲೆ ಬಿಟ್ಟ ಬೋಟಿನ ಎಂಜಿನ್ನಿಗೆ ಇಳಿಜಾರೇ ಇಲ್ಲ. ಒಂದೊಂದು ಎಳೆತಕ್ಕೆ ಎರಡು ಮೂರು ಗಂಟೆ, ಬಲೆ ಎತ್ತಿ ಸುರಿದು ಮತ್ತೆ ಬಿಟ್ಟರೆ ಮತ್ತೆರಡು ಮೂರು ಗಂಟೆ, ಹಗಲು ರಾತ್ರಿ ಒಂದೇ ಸಮ ಏರು ಹತ್ತುತ್ತಲೇ ಇರಬೇಕು. ಕೆಟ್ಟು ನಿಂತರೆ ತಳ್ಳಲು ರಸ್ತೆಯ ಬದಿಯೂ ಇಲ್ಲ. ಎಂಜಿನ್ ಇರುವುದು ಡೆಕ್ಕಿನ ಕೆಳಗೆ, ಕತ್ತಲಲ್ಲಿ. ನಡೆಸುವವನು ಮೇಲಿನ ಕ್ಯಾಬಿನ್ನಿನಲ್ಲಿ. ಅವರಿಬ್ಬರ ನಡುವೆ ಸುದ್ದಿ ತರುವುದು ಆ ಐದು ಸೂಜಿಗಳು, ಕಾಲಡಿಯ ನಡುಕ, ಮತ್ತೆ ಹೊಗೆಯ ಬಣ್ಣ.

ಐದರಲ್ಲಿ ಮಾವ ಹೆಚ್ಚು ಗೌರವ ಕೊಡುತ್ತಿದ್ದದ್ದು ಆಯಿಲ್ ಮೀಟರಿಗೆ. ಉಳಿದ ಸೂಜಿಗಳು ಹೊತ್ತು ಕೊಡುತ್ತವೆ, ಆಯಿಲ್ ಸೂಜಿ ಕೊಡುವುದಿಲ್ಲ. ಬಿಸಿಯೇರಿದರೆ ಕೆಲವು ನಿಮಿಷವಾದರೂ ಕೈಯಲ್ಲಿ ಇರುತ್ತದೆ. ಆಯಿಲ್ ಒತ್ತಡ ಏಕಾಏಕಿ ಬಿತ್ತೆಂದರೆ ಮೊದಲು ಎಂಜಿನ್ ನಿಲ್ಲಿಸಬೇಕು, ಯೋಚನೆ ಆಮೇಲೆ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ ಇರುತ್ತದೆ. ಆ ಪದರ ಒಡೆದರೆ ಲೋಹಕ್ಕೆ ಲೋಹ ತಾಗಿ ಕ್ಷಣಗಳಲ್ಲಿ ಎಲ್ಲ ಮುಗಿಯುತ್ತದೆ.

ಆ ಮೀಟರು ಕೆಟ್ಟಾಗ ಮಾವ ಅದನ್ನು ಬಿಚ್ಚಿ ನನಗೆ ತೋರಿಸಿದ್ದರು. ಒಳಗೆ ತಂತಿಯಿಲ್ಲ, ಬ್ಯಾಟರಿಯ ಹಂಗಿಲ್ಲ. ಅರ್ಧಚಂದ್ರದಂತೆ ಬಾಗಿದ ಒಂದು ಚಪ್ಪಟೆ ಹಿತ್ತಾಳೆ ಕೊಳವೆ, ಅದರ ಮುಚ್ಚಿದ ತುದಿಗೆ ಕೂದಲಿನಷ್ಟು ಸಣ್ಣ ಕೊಂಡಿ, ಅದಕ್ಕೊಂದು ಪುಟ್ಟ ಹಲ್ಲುಚಕ್ರ, ಅದರ ನೆತ್ತಿಯಲ್ಲಿ ಸೂಜಿ. ಎಣ್ಣೆ ಒತ್ತಿದಷ್ಟೂ ಕೊಳವೆ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಕೋಟೇಶ್ವರದ ಕೊಡಿಹಬ್ಬದಲ್ಲಿ ಮಕ್ಕಳು ಕೊಳ್ಳುವ, ಊದಿದರೆ ಸುರುಳಿ ಬಿಚ್ಚುವ ಕಾಗದದ ಪೀಪಿಯ ಹಾಗೆ. ಬಹಳ ವರ್ಷಗಳ ಮೇಲೆ ತಿಳಿಯಿತು, ಇದನ್ನು ಕಂಡುಹಿಡಿದವನು ಫ್ರಾನ್ಸಿನ ಯುಜೀನ್ ಬೂರ್ದಾನ್, ಪೇಟೆಂಟ್ ಪಡೆದದ್ದು 1849ರಲ್ಲಿ, ಉಗಿಯಂತ್ರಗಳ ಕಾಲದಲ್ಲಿ. ಬಾಯ್ಲರು ಸಿಡಿದು ಜನ ಸಾಯುತ್ತಿದ್ದ ಆ ದಿನಗಳ ಉಪಕರಣ ಇವತ್ತಿಗೂ ಅದೇ ರೂಪದಲ್ಲಿ ನಮ್ಮ ಬೋಟುಗಳಲ್ಲಿದೆ. ಇಷ್ಟು ಸರಳವಾಗಿ, ಇಷ್ಟು ಪ್ರಾಮಾಣಿಕವಾಗಿ ದುಡಿಯುವ ಇನ್ನೊಂದು ವಸ್ತುವನ್ನು ನಾನು ಎಂಜಿನ್ ರೂಮಿನಲ್ಲಿ ಕಂಡಿಲ್ಲ.

ಎಂಜಿನ್ನಿನಿಂದ ಆ ಮೀಟರಿಗೆ ಬರುವ ತಾಮ್ರದ ಪೈಪನ್ನು ಮಾವ ನೇರವಾಗಿ ಎಳೆದಿರಲಿಲ್ಲ. ಎಂಜಿನ್ನಿನ ಹತ್ತಿರವೇ ಅಂಗೈಯಗಲದ ಎರಡು ಸುತ್ತು ಹಾಕಿ, ಆಮೇಲೆ ಗೋಡೆಗುಂಟ ಕ್ಲಿಪ್ಪು ಹೊಡೆದು ಮೇಲಕ್ಕೆ ತಂದಿದ್ದರು. ಎಂಜಿನ್ ನಡುಗುತ್ತದೆ, ಗೋಡೆ ನಡುಗುವುದಿಲ್ಲ. ನೇರ ಪೈಪಾದರೆ ನಡುಕವೆಲ್ಲ ಒಂದೇ ಕಡೆ ಕೂತು ತಾಮ್ರ ದಣಿದು ಸೀಳುತ್ತದೆ. ಸೀಳಿದರೆ ಕುದಿ ಎಣ್ಣೆ ಚಿಮ್ಮಿ ಸೈಲೆನ್ಸರಿನ ಮೇಲೆ ಬೀಳುತ್ತದೆ. ಸುತ್ತು ಹಾಕಿದರೆ ನಡುಕ ಸುತ್ತಿನಲ್ಲೇ ಹಂಚಿಹೋಗುತ್ತದೆ. ನಾನು ಈಗ ಯಾವ ಬೋಟಿನ ಎಂಜಿನ್ ರೂಮಿಗೆ ಇಳಿದರೂ ಮೊದಲು ಆ ಸುತ್ತು ಇದೆಯೋ ಎಂದು ನೋಡುತ್ತೇನೆ. ಇದ್ದರೆ ಆ ಬೋಟಿಗೆ ಒಬ್ಬ ಯಜಮಾನ ಇದ್ದಾನೆಂದು ಗೊತ್ತಾಗುತ್ತದೆ.

ಬೆಳಿಗ್ಗೆ ತಣ್ಣಗಿನ ಎಂಜಿನ್ ಶುರುಮಾಡಿದಾಗ ಆಯಿಲ್ ಸೂಜಿ 5ರ ಮೇಲೆ ಹಾರುತ್ತಿತ್ತು. ಎಣ್ಣೆ ಬಿಸಿಯಾಗಿ ತೆಳುವಾದ ಹಾಗೆ ಇಳಿದು, 1500 ಆರ್‌ಪಿಎಂನಲ್ಲಿ 4 ಕಿಲೋದ ಹತ್ತಿರ ನಿಲ್ಲುತ್ತಿತ್ತು. ನಿಧಾನಕ್ಕೆ ಬಿಟ್ಟರೆ ಒಂದೂವರೆಗೆ ಬರುತ್ತಿತ್ತು. ಹಾಗೆ ಇಳಿಯುವುದು ರೋಗವಲ್ಲ, ಅದರ ಸ್ವಭಾವ. ಕಡಲು ಎದ್ದು ಬೋಟು ಒಂದು ಮಗ್ಗುಲಿಗೆ ಬಹಳ ವಾಲಿದಾಗ ಸೂಜಿ ಒಮ್ಮೆ ನಡುಗಿ ಮತ್ತೆ ನಿಂತರೆ, ಸಂಪಿನಲ್ಲಿ ಎಣ್ಣೆ ಕಡಿಮೆಯಾಗಿದೆ, ಪಂಪು ವಾಲಿದಾಗಲೆಲ್ಲ ಗಾಳಿ ಎಳೆಯುತ್ತಿದೆ ಎಂದು ಅರ್ಥ. ಇದನ್ನು ಮಾವ ಬಾಯಲ್ಲಿ ಹೇಳಿಕೊಟ್ಟದ್ದಲ್ಲ. ಸೂಜಿ ನಡುಗಿದಾಗ ನನ್ನ ಭುಜ ತಟ್ಟಿ ತೋರಿಸಿ, ಬೋಟು ಸಮವಾದ ಮೇಲೆ ಡಿಪ್‌ಸ್ಟಿಕ್ ಎತ್ತಿ ತೋರಿಸಿದ್ದರು.

ಆರ್‌ಪಿಎಂ ಮೀಟರಿನಿಂದ ಅವರು ಓದುತ್ತಿದ್ದದ್ದು ಎಂಜಿನ್ನನ್ನಲ್ಲ, ಬಲೆಯನ್ನು. ಆಕ್ಸಿಲರೇಟರಿಗೆ ಕೈಹಾಕದೆಯೇ 1500ರಲ್ಲಿದ್ದ ಸೂಜಿ ತಾನಾಗಿ 1450ಕ್ಕೆ, 1400ಕ್ಕೆ ಜಗ್ಗಿತೆಂದರೆ ಬಲೆ ಭಾರವಾಗಿದೆ. ನಿಧಾನ ಜಗ್ಗಿದರೆ ಮೀನು ತುಂಬಿರಬಹುದು, ಲೋಳೆಮೀನೂ ಇರಬಹುದು. ತಟ್ಟನೆ ಜಗ್ಗಿದರೆ ಕೆಸರು ಕಚ್ಚಿದೆ, ಇಲ್ಲವೇ ಕಲ್ಲಿಗೆ ಸಿಕ್ಕಿದೆ. ಜಗ್ಗಿದ್ದರ ಜೊತೆ ಕಪ್ಪುಹೊಗೆಯೂ ಬಂದು, ಬೋಟಿನ ಹಿಂಭಾಗ ಅದುರಿದರೆ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಏನೋ ಸುತ್ತಿಕೊಂಡಿದೆ. ಬಲೆ ಎತ್ತುವ ಮೊದಲೇ ಅವರು ಕಲಾಸಿಗಳಿಗೆ ಏನು ಬರುತ್ತದೆಂದು ಹೇಳುತ್ತಿದ್ದರು, ಬಹಳ ಸಲ ಅದೇ ಬರುತ್ತಿತ್ತು.

ಡೀಸೆಲ್ಲಿನ ಲೆಕ್ಕವೂ ಅದೇ ಸೂಜಿಯಲ್ಲಿತ್ತು. ನೀರಿನಲ್ಲಿ ಫ್ಯಾನು ತಿರುಗಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 1600ರಲ್ಲಿ ಓಡುವ ಬೋಟನ್ನು 1760ಕ್ಕೆ ಏರಿಸಿದರೆ ಸುತ್ತು ಹೆಚ್ಚಿದ್ದು ನೂರಕ್ಕೆ ಹತ್ತು, ಎಂಜಿನ್ನಿನ ಮೇಲೆ ಬೀಳುವ ಹೊರೆ ಹೆಚ್ಚಿದ್ದು ನೂರಕ್ಕೆ ಮೂವತ್ತಮೂರು. ದಕ್ಕೆಗೆ ಮೊದಲು ಮುಟ್ಟಿ ಒಳ್ಳೆಯ ರೇಟು ಹಿಡಿಯುವ ಆಸೆಗೆ ಎಷ್ಟೋ ಬೋಟುಗಳು ಸಂಜೆ ಹೊಗೆಯುಗುಳುತ್ತ ನಮ್ಮನ್ನು ದಾಟಿ ಹೋಗುತ್ತಿದ್ದವು. ಮಾವ ಸೂಜಿಯನ್ನು ನೆಟ್ಟಗಿನ ಗೆರೆಯಿಂದ ಕದಲಿಸುತ್ತಿರಲಿಲ್ಲ. ಅವರಿಗೆ ಘನದ ಸೂತ್ರ ಗೊತ್ತಿರಲಿಲ್ಲ, ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಟ್ಯಾಂಕಿಗೆ ಕೋಲು ಇಳಿಸಿ ಅಳೆದು ಅಳೆದು ಅದೇ ಸತ್ಯವನ್ನು ಕಂಡುಕೊಂಡಿದ್ದರು.

ಚಾರ್ಜು ಮೀಟರನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೈಟು ಉರಿಯುತ್ತಿದ್ದರೆ ಸಾಕು ಎಂದುಕೊಳ್ಳುತ್ತಾರೆ. ನಮ್ಮ ಎಂಜಿನ್ನಿನಲ್ಲಿ ಡೈನಮೋವನ್ನೂ ನೀರಿನ ಪಂಪನ್ನೂ ತಿರುಗಿಸುತ್ತಿದ್ದದ್ದು ಒಂದೇ ಬೆಲ್ಟು. ಬೆಲ್ಟು ಹರಿದರೆ ನೀರಿನ ಓಟ ನಿಂತು ಎಂಜಿನ್ ಬಿಸಿಯೇರುತ್ತದೆ, ಆದರೆ ಆ ಬಿಸಿ ಮೀಟರಿನಲ್ಲಿ ಕಾಣಲು ಹೊತ್ತು ಬೇಕು. ಚಾರ್ಜು ಸೂಜಿ ಮಾತ್ರ ಹರಿದ ಕ್ಷಣವೇ ಎಡಕ್ಕೆ ಬಿದ್ದುಬಿಡುತ್ತದೆ. ಅಂದರೆ ಎಂಜಿನ್ ಬಿಸಿಯಾಗಲಿದೆ ಎಂಬ ಸುದ್ದಿಯನ್ನು ಬಿಸಿ ಮೀಟರಿಗಿಂತ ಮೊದಲು ತರುವುದು ಚಾರ್ಜು ಮೀಟರು. ಒಂದು ಸೂಜಿ ಇನ್ನೊಂದರ ಪರವಾಗಿ ಮಾತಾಡುತ್ತದೆ ಎಂಬುದು ನನಗೆ ಹೊಳೆದದ್ದು ಆಗ. ಗೇರ್ ಆಯಿಲಿನದು ಐದನೆಯ ಮೀಟರು. ಅದರ ಸೂಜಿ ಕದಲಿದ್ದನ್ನು ಆ ಬೋಟಿನಲ್ಲಿ ನಾನು ಕಾಣಲಿಲ್ಲ.

ಇನ್ನು ಬಿಸಿ ಮೀಟರು. ಅದರ ವಿಷಯದಲ್ಲಿ ಒಂದು ಮಧ್ಯಾಹ್ನವನ್ನು ಹೇಳಲೇಬೇಕು.

ನೇತ್ರಾಣಿ ಗುಡ್ಡದ ಪಡುವಣಕ್ಕೆ, ಮೂವತ್ತು ಮಾರು ನೀರಿನಲ್ಲಿ ಬಲೆ ಎಳೆಯುತ್ತಿದ್ದೆವು. ನಾನು ಮಾವನ ಬಗಲಿಗೆ ನಿಂತಿದ್ದೆ. ಬಿಸಿ ಸೂಜಿ ನೆಟ್ಟಗಿನ ಗೆರೆಯಿಂದ ಬಲಕ್ಕೆ ಹೊರಳಿತು. 80ರಲ್ಲಿ ಇರಬೇಕಾದದ್ದು ನೋಡನೋಡುತ್ತ 95 ಆಯಿತು. ಮಾವ ಸುತ್ತು ಇಳಿಸುತ್ತ, “ನೀರ್ ಬೀಳ್ತಿತ್ತಾ?” ಎಂದು ಕೂಗಿದರು. ಬೋಟಿನ ಬದಿಯಲ್ಲಿ, ಎಂಜಿನ್ನಿನ ಬಿಸಿಯನ್ನು ಹೊತ್ತು ಹೊರಬೀಳುವ ಕಡಲನೀರಿನ ಪೈಪು ಇರುತ್ತದೆ. ಕಲಾಸಿಯೊಬ್ಬ ಬಗ್ಗಿ ನೋಡಿ, “ಬೀಳ್ತಿತ್ತ್, ಚಂದ ಬೀಳ್ತಿತ್ತ್” ಎಂದ. ಅಷ್ಟರಲ್ಲಿ ಸೂಜಿ ಹಿಂದಕ್ಕೆ ಬರತೊಡಗಿತು. 90, 80, 70. ನಮ್ಮ ಜೀವ ತಣ್ಣಗಾಯಿತು. ಕಲಾಸಿ ಬೈರಾಸಿನಲ್ಲಿ ಮುಖ ಒರೆಸಿಕೊಂಡು ಕೂತ.

ಮಾವ ಮಾತ್ರ ಎಂಜಿನ್ ನಿಲ್ಲಿಸುವ ಕೊಂಡಿಯನ್ನು ಬಲವಾಗಿ ಎಳೆದುಬಿಟ್ಟರು. ಇದ್ದಕ್ಕಿದ್ದಂತೆ ಬೋಟಿನಲ್ಲಿ ಅಲೆಯ ಸದ್ದಷ್ಟೇ ಉಳಿಯಿತು. “ಹೀಟ್ ಇಳಿತಲ್ದಾ?” ಎಂದು ನಾನು ಕೇಳಿದೆ. “ಹೀಟ್ ಇಳ್ದದ್ದಲ್ಲ, ನೀರ್ ಖಾಲಿ ಆದ್ದ್” ಎಂದರು.

ಕಡಲನೀರು ಎಂಜಿನ್ನಿನ ಒಳಗೆ ಹೋಗುವುದಿಲ್ಲ. ಒಳಗೆ ಸುತ್ತುವುದು ಸಿಹಿನೀರು; ಆ ಸಿಹಿನೀರನ್ನು ತಂಪು ಮಾಡಿ ಹೊರಬೀಳುವುದು ಕಡಲನೀರು. ಎರಡೂ ಬೇರೆ ಬೇರೆ ದಾರಿ, ಕೂಡುವುದು ಹೀಟ್ ಎಕ್ಸ್‌ಚೇಂಜರಿನ ಗೋಡೆಯ ಆಚೀಚೆ ಮಾತ್ರ. ಹೊರಗೆ ಬೀಳುವ ನೀರು ಸರಿಯಿದ್ದರೂ ಒಳಗಿನ ಹೋಸ್ ಪೈಪು ಸೀಳಿ ಸಿಹಿನೀರೆಲ್ಲ ಬೋಟಿನ ತಳಕ್ಕೆ ಸುರಿದುಹೋಗಿತ್ತು. ಬಿಸಿ ಮೀಟರಿನ ತುದಿಯ ಗುಂಡು ಎಂಜಿನ್ನಿನ ನೆತ್ತಿಯಲ್ಲಿ, ನೀರಿನಲ್ಲಿ ಮುಳುಗಿರುತ್ತದೆ. ಅದು ಅಳೆಯುವುದು ಕಬ್ಬಿಣದ ಬಿಸಿಯನ್ನಲ್ಲ, ನೀರಿನ ಬಿಸಿಯನ್ನು. ನೀರು ಇಳಿದಾಗ ಮೊದಲು ಒಣಗುವುದೇ ಆ ನೆತ್ತಿಯ ಜಾಗ. ಸುತ್ತಲೂ ಬರಿಯ ಗಾಳಿ ಉಳಿದಾಗ ಮೀಟರು 70 ಎನ್ನುತ್ತದೆ, ಕೆಳಗೆ ಹೆಡ್ಡು ಸುಡುತ್ತಿರುತ್ತದೆ. ಎಂಜಿನ್ ಹೆಚ್ಚು ಅಪಾಯದಲ್ಲಿರುವ ಗಳಿಗೆಯಲ್ಲೇ ಸೂಜಿ ಎಲ್ಲವೂ ಕ್ಷೇಮ ಎಂದು ಹೇಳುತ್ತದೆ. ಆ ಕ್ಷಣದಲ್ಲಿ ಮಾವನನ್ನು ಎಚ್ಚರಿಸಿದ್ದು ಸೂಜಿ ಇಳಿದ ರೀತಿ. ಬಿಸಿನೀರು ಅಷ್ಟು ಬೇಗ ತಣಿಯುವುದಿಲ್ಲ. ಇಳಿಯಲು ಕಾರಣವೇ ಇಲ್ಲದಾಗ ಇಳಿದ ಸೂಜಿಯನ್ನು ನಂಬಬಾರದೆಂದು ಅವರಿಗೆ ಗೊತ್ತಿತ್ತು.

ಆಮೇಲಿನದು ತಾಳ್ಮೆಯ ಕೆಲಸ. ಬಲೆ ಕೆಳಗಿತ್ತು, ಅದನ್ನೆತ್ತುವ ವಿಂಚು ತಿರುಗುವುದು ಇದೇ ಎಂಜಿನ್ನಿನಿಂದ, ಹಾಗಾಗಿ ಬಲೆಯನ್ನೂ ಎತ್ತುವಂತಿಲ್ಲ. ನೆಲಕ್ಕೆ ಕೂತ ಬಲೆಯೇ ನಮಗೆ ಲಂಗರು. ಬಿಸಿಯಾದ ಎಂಜಿನ್ನಿಗೆ ತಣ್ಣೀರು ಹೊಯ್ಯುವ ಆತುರವನ್ನು ಮಾವ ಯಾರಿಗೂ ಬಿಡಲಿಲ್ಲ, ಹೊಯ್ದರೆ ಎರಕದ ಹೆಡ್ಡು ಬಿರುಕು ಬಿಡುತ್ತದೆ. ಮುಚ್ಚಳವನ್ನೂ ಮುಟ್ಟಗೊಡಲಿಲ್ಲ. ಹೆಡ್ಡಿನ ಮೇಲೆ ಅಂಗೈ ಇಟ್ಟು ತಾಳಿಕೊಳ್ಳುವಷ್ಟು ಆಗುವವರೆಗೆ ಸುಮ್ಮನೆ ಕೂತೆವು. ಸೈಕಲ್ ಟ್ಯೂಬನ್ನು ಎರಡು ಬೆರಳಗಲಕ್ಕೆ ಕತ್ತರಿಸಿ, ಜಗ್ಗಿ ಜಗ್ಗಿ ಸೀಳಿದ ಹೋಸಿಗೆ ಸುತ್ತಿ, ಮೇಲೆ ತಾಮ್ರದ ತಂತಿ ಬಿಗಿದರು.

ನೀರು ಎಲ್ಲಿಂದ ತರುವುದು? ಕಡಲನೀರು ತುಂಬಿದರೂ ಮನೆ ಮುಟ್ಟಬಹುದು, ಆದರೆ ಉಪ್ಪು ಎಂಜಿನ್ನಿನ ಒಳಗೋಡೆಗೆ ಕಚ್ಚುತ್ತದೆ, ಬಂದರಿಗೆ ಬಂದು ಹತ್ತು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ. ಬೋಟಿನಲ್ಲಿದ್ದ ಸಿಹಿನೀರೆಂದರೆ ಏಳು ಜನ ಕುಡಿಯಲು, ಅನ್ನ ಬೇಯಿಸಲು ಇಟ್ಟುಕೊಂಡ ಡ್ರಮ್ಮು ಒಂದೇ. ಮಾವ ಡ್ರಮ್ಮಿನ ಮುಚ್ಚಳ ತೆಗೆದು ಒಂದು ಗಳಿಗೆ ಒಳಗೆ ನೋಡಿದರು. ಅಡುಗೆಯವನ ಮುಖವನ್ನೂ ನೋಡಿದರು. ಅವನೇ ಕೊಡಪಾನ ಎತ್ತಿ ಕೊಟ್ಟ. ಪ್ರತಿ ಕೊಡವನ್ನೂ ಬಟ್ಟೆಯಲ್ಲಿ ಸೋಸಿ, ಒಂದು ಹನಿ ಚೆಲ್ಲದ ಹಾಗೆ ಹೊಯ್ದೆವು. ಸಂಜೆ ವೈರ್‌ಲೆಸ್ಸಿನಲ್ಲಿ ಕೇಳಿ ಗಂಗೊಳ್ಳಿಯ ಬೋಟೊಂದು ಹತ್ತಿರ ಬಂದು ಎರಡು ಕ್ಯಾನು ನೀರು ದಾಟಿಸಿತು; ಅಲ್ಲಿಯವರೆಗೆ ಯಾರೂ ಬಾಯಾರಿಕೆಯ ಮಾತೆತ್ತಲಿಲ್ಲ.

ಎಂಜಿನ್ ಮತ್ತೆ ಶುರುವಾದಾಗ ಏಳು ಜನರೂ ಕ್ಯಾಬಿನ್ನಿನ ಬಾಗಿಲಲ್ಲಿ ಒತ್ತಿ ನಿಂತಿದ್ದೆವು. ಆಯಿಲ್ ಸೂಜಿ ಮೊದಲು ಎದ್ದಿತು. ಆಮೇಲೆ ಎಲ್ಲರ ಕಣ್ಣೂ ಬಿಸಿ ಸೂಜಿಯ ಮೇಲೆ. ಈ ಸಲ ನಾವು ಕಾಯುತ್ತಿದ್ದದ್ದು ಅದು ಏರಲಿ ಎಂದು. ಏರಿತೆಂದರೆ ಗುಂಡನ್ನು ನೀರು ಮುಟ್ಟಿದೆ, ನೀರು ಸುತ್ತುತ್ತಿದೆ. ಅದು 40 ದಾಟಿ, 60 ದಾಟಿ, ನಿಧಾನವಾಗಿ ಮೇಲ್ತುದಿಗೆ ಬಂದು ನಿಂತಾಗ ಮಾವ ವಿಂಚಿಗೆ ಕೈತೋರಿಸಿ, “ಬಲೆ ಎಳೀನಿ” ಎಂದರು.

ಆ ಏಳು ಜನರ ವಿಷಯ ಬಂದದ್ದಕ್ಕೆ ಇದನ್ನೂ ಹೇಳಬೇಕು. ರಾತ್ರಿಯ ಪಾಳಿಯಲ್ಲಿ ನನ್ನನ್ನು ಒಬ್ಬನೇ ಚುಕ್ಕಾಣಿಗೆ ಬಿಡತೊಡಗಿದಾಗ ನನಗೆ ಇಪ್ಪತ್ತು ತುಂಬಿರಲಿಲ್ಲ. ಮೀಟರಿನ ಬಲ್ಬಿನ ಮೇಲೆ ಮಾವ ಕೆಂಪು ಬಣ್ಣ ಬಳಿದಿದ್ದರು, ಬಿಳಿ ಬೆಳಕು ಕಣ್ಣಿಗೆ ಹೊಡೆದರೆ ಹೊರಗಿನ ಕತ್ತಲಲ್ಲಿ ಬೇರೆ ಬೋಟಿನ ದೀಪ ಕಾಣುವುದಿಲ್ಲವೆಂದು. ಡೆಕ್ಕಿನ ಮೇಲೆ ಉಳಿದವರೆಲ್ಲ ಮಂಜುಗಡ್ಡೆ ಹೊತ್ತು, ರಾಣಿಮೀನು, ಬೊಂಡಾಸು ವಿಂಗಡಿಸಿ ದಣಿದು ಬಿದ್ದಲ್ಲೇ ನಿದ್ದೆ ಹೋಗಿರುತ್ತಿದ್ದರು. ಹೊರಗೆ ನೋಡು, ದಿಕ್ಸೂಚಿ ನೋಡು, ಸೂಜಿಗಳ ಮೇಲೆ ಒಮ್ಮೆ ಕಣ್ಣಾಡಿಸು, ಮತ್ತೆ ಹೊರಗೆ ನೋಡು. ಮೀಟರನ್ನು ದಿಟ್ಟಿಸಿ ಕೂರಬಾರದು, ಮರೆಯಲೂಬಾರದು. ನೆಟ್ಟಗಿನ ಐದು ಸೂಜಿಗಳಲ್ಲಿ ಒಂದು ಕೂದಲಷ್ಟು ವಾಲಿದರೂ ಓದದೆಯೇ ಕಣ್ಣು ಅಲ್ಲಿ ನಿಲ್ಲುತ್ತಿತ್ತು. ಅವರೆಲ್ಲ ನಿದ್ದೆ ಮಾಡುತ್ತಿರುವುದು ನಾನು ಎಚ್ಚರವಿದ್ದೇನೆ ಎಂಬ ನಂಬಿಕೆಯ ಮೇಲೆ ಎಂಬುದು ಗೊತ್ತಿದ್ದರಿಂದ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಯಾವ ಕೆಲಸವೂ ನನಗೆ ಆ ಪಾಳಿಯಷ್ಟು ಹೆಮ್ಮೆ ಕೊಟ್ಟಿಲ್ಲ.

ಮಾವನ ಹತ್ತಿರ ನೂರು ಪುಟದ ಒಂದು ನೋಟುಪುಸ್ತಕ ಇತ್ತು, ಎಣ್ಣೆ ಕೈ ಹತ್ತಿ ಅಂಚೆಲ್ಲ ಕಪ್ಪಾದದ್ದು. ದಿನಕ್ಕೊಮ್ಮೆ, ಎಂಜಿನ್ ಒಂದು ಗಂಟೆ ಓಡಿ ಹದಕ್ಕೆ ಬಂದ ಮೇಲೆ, 1500ರಲ್ಲಿ ನಿಲ್ಲಿಸಿ ನನಗೆ ಬರೆಯಲು ಹೇಳುತ್ತಿದ್ದರು: ಆಯಿಲ್ ಇಷ್ಟು, ನೀರು ಇಷ್ಟು, ಚಾರ್ಜು ಇಷ್ಟು. ಸುತ್ತು ಒಂದೇ ಇರಬೇಕು, ಬಿಸಿ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ದಿನದಿಂದ ದಿನಕ್ಕೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಒಂದು ವರ್ಷ ಬೇಸಿಗೆಯ ಹೊತ್ತಿಗೆ ಹಿಂದಿನ ಪುಟಗಳನ್ನು ತಿರುವಿದಾಗ ಆಯಿಲಿನ ಸಾಲು ಕಣ್ಣಿಗೆ ಬಿತ್ತು. ಮಳೆಗಾಲ ಮುಗಿದು ಕಡಲಿಗಿಳಿದಾಗ 4 ಇದ್ದದ್ದು ಡಿಸೆಂಬರಿನಲ್ಲಿ 3.7, ಮಾರ್ಚಿನಲ್ಲಿ 3.4, ಮೇ ಹೊತ್ತಿಗೆ 3. ಸೂಜಿ ಅಷ್ಟು ನಿಧಾನವಾಗಿ ವಾಲುವಾಗ ಕಣ್ಣೂ ಅದಕ್ಕೇ ಒಗ್ಗಿಕೊಳ್ಳುತ್ತದೆ. ಬರೆದಿಟ್ಟ ಅಂಕಿ ಒಗ್ಗಿಕೊಳ್ಳುವುದಿಲ್ಲ.

ಎಣ್ಣೆ ಅದೇ ದರ್ಜೆಯದು, ಫಿಲ್ಟರ್ ಹೊಸದು, ಮೀಟರನ್ನು ಇನ್ನೊಂದಿಟ್ಟು ತಾಳೆ ನೋಡಿಯಾಗಿತ್ತು. ಹಾಗಾದರೆ ಬೇರಿಂಗುಗಳು ಸವೆದು ಸಂದು ದೊಡ್ಡದಾಗಿದೆ, ಎಣ್ಣೆ ಬೇಗ ಸೋರಿಹೋಗುತ್ತಿದೆ. ಆ ಮಳೆಗಾಲದ ರಜೆಯಲ್ಲಿ ಎಂಜಿನ್ ಬಿಚ್ಚಿಸಿದರು. ಮೇನ್ ಬೇರಿಂಗಿನ ಚಿಪ್ಪುಗಳನ್ನು ಒರೆಸಿ ಬೆಳಕಿಗೆ ಹಿಡಿದಾಗ, ಬೂದುಬಣ್ಣದ ಮೇಲ್ಪದರ ನಡುವಿನಲ್ಲಿ ಹೋಗಿ ಅಡಿಯ ತಾಮ್ರದ ಕೆಂಪು ಬಣ್ಣ ಇಣುಕುತ್ತಿತ್ತು. ಕ್ರ್ಯಾಂಕಿಗೆ ಇನ್ನೂ ಗೀರು ಬಿದ್ದಿರಲಿಲ್ಲ. ಇನ್ನೊಂದು ಋತು ಓಡಿಸಿದ್ದರೆ ಕ್ರ್ಯಾಂಕೂ ಹೋಗುತ್ತಿತ್ತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳಲ್ಲಿ ನನ್ನ ಹತ್ತಿರ ಬರುವ ಮಾಲೀಕರಿಗೆ ನಾನು ಮೊದಲು ಕೇಳುವುದು, ಪುಸ್ತಕ ಇದೆಯೇ ಎಂದು. ಇದ್ದರೆ ಎಂಜಿನ್ ಬಿಚ್ಚಬೇಕೋ ಬೇಡವೋ ಎಂದು ಅರ್ಧ ಗಂಟೆಯಲ್ಲಿ ಹೇಳಬಲ್ಲೆ. ಇಲ್ಲದಿದ್ದರೆ ಊಹೆ, ಮತ್ತು ಊಹೆಗೆ ಅವರು ಸಾವಿರಾರು ರೂಪಾಯಿ ತೆರಬೇಕು.

ಈಗಿನ ಹೊಸ ಬೋಟುಗಳಲ್ಲಿ ಸ್ಕ್ರೀನು ಬಂದಿದೆ. ಎಂಜಿನ್ನಿನ ಕಂಪ್ಯೂಟರು ಹತ್ತಾರು ಅಂಕಿಗಳನ್ನು ಒಂದೇ ಕಡೆ ತೋರಿಸುತ್ತದೆ, ಗಂಟೆಗೆ ಎಷ್ಟು ಡೀಸೆಲ್ ಉರಿಯಿತೆಂದು ಲೆಕ್ಕ ಹಾಕುತ್ತದೆ, ಮಿತಿ ದಾಟಿದರೆ ಕಿರುಚುತ್ತದೆ. ನಾನು ಅದರ ವಿರೋಧಿಯಲ್ಲ, ಅದರಿಂದ ಉಳಿದ ಎಂಜಿನ್ನುಗಳನ್ನು ಕಂಡಿದ್ದೇನೆ. ಆದರೆ ಅಲಾರಂ ಕೂಗುವುದು ಗಡಿ ದಾಟಿದ ಮೇಲೆ. 80ರಲ್ಲಿರಬೇಕಾದದ್ದು ಮೂರು ದಿನದಿಂದ 86ರಲ್ಲಿದ್ದರೆ ಅದಕ್ಕೆ ಕೂಗುವ ಕಾರಣವಿಲ್ಲ. ಅಂಕಿಯನ್ನು ಓದಿ, ನೆನಪಿನ ಇನ್ನೊಂದು ಅಂಕಿಯೊಡನೆ ತೂಗಬೇಕು. ಸೂಜಿಯ ವಾಲಿಕೆ ಕಣ್ಣಿಗೆ ತಾನಾಗಿ ಬೀಳುತ್ತದೆ. ಹಾಗಾಗಿ ಸ್ಕ್ರೀನು ಕೂರಿಸಿಕೊಳ್ಳುವವರಿಗೆಲ್ಲ ಅದರ ಪಕ್ಕದಲ್ಲಿ ಎರಡು ಹಳೆಯ ಮೀಟರು ಇಡಿ ಎನ್ನುತ್ತೇನೆ, ಆಯಿಲಿಗೊಂದು, ಬಿಸಿಗೊಂದು, ಎರಡೂ ಕರೆಂಟಿಲ್ಲದೆ ನಡೆಯುವಂಥವು. ಇಡುವಾಗ ಮಾವ ಮಾಡಿದಂತೆ ತಿರುಗಿಸಿ ಇಟ್ಟುಕೊಡುತ್ತೇನೆ. ಇವತ್ತು ಮಲ್ಪೆಯ ಬೋಟುಗಳಲ್ಲಿ ಒಡಿಶಾದವರು, ಆಂಧ್ರದವರು ದುಡಿಯುತ್ತಾರೆ. ಯಾವ ಲಿಪಿ ಬಲ್ಲವನಿಗೂ, ಯಾವ ಲಿಪಿಯೂ ಬಾರದವನಿಗೂ, ನೆಟ್ಟಗಿದ್ದರೆ ಸರಿ, ವಾಲಿದರೆ ಎಬ್ಬಿಸು ಎಂದು ಕೈಸನ್ನೆಯಲ್ಲೇ ಕಲಿಸಬಹುದು.

ನನಗೆ ನಿಜವಾಗಿ ಸಂಕಟವಾಗುವುದು ಸತ್ತ ಮೀಟರುಗಳನ್ನು ಕಂಡಾಗ. ಕಡಲಗಾಳಿ ತಾಮ್ರದ ತಂತಿಯನ್ನು ತಿನ್ನುತ್ತದೆ. ಅರ್ಥಿಂಗ್ ಬೋಲ್ಟಿನಲ್ಲಿ ಹಸಿರು ಕಿಲುಬು ಕೂತರೆ ಸೂಜಿಗಳು ಸುಳ್ಳು ಹೇಳತೊಡಗುತ್ತವೆ. ಅದನ್ನು ಹಿಡಿಯುವುದು ಕಷ್ಟವಲ್ಲ: ಎಂಜಿನ್ನಿನ ತೊಂದರೆ ಒಂದು ಸೂಜಿಯಿಂದ ಶುರುವಾಗುತ್ತದೆ, ಕರೆಂಟಿನ ಮೀಟರುಗಳೆಲ್ಲ ಒಂದೇ ಗಳಿಗೆಯಲ್ಲಿ ಒಟ್ಟಿಗೆ ವಾಲಿದರೆ ತೊಂದರೆ ವೈರಿನಲ್ಲಿದೆ. ಬೋಲ್ಟು ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಗ್ರೀಸು ಹಚ್ಚಿ ಬಿಗಿದರೆ ಮುಗಿಯಿತು. ಅಷ್ಟು ಮಾಡುವ ಬದಲು, ಸುಮ್ಮನೆ ಕಿರುಚುತ್ತದೆ ಎಂದು ಬಜರಿನ ತಂತಿ ಕತ್ತರಿಸಿದ ಬೋಟುಗಳನ್ನು ಕಂಡಿದ್ದೇನೆ. ಆ ಬೋಟಿನಲ್ಲಿ ರಾತ್ರಿ ನಿದ್ದೆ ಹೋಗುವವರಿಗೆ ಆ ಕತ್ತರಿಸಿದ ತಂತಿಯ ವಿಷಯ ಗೊತ್ತಿರುವುದಿಲ್ಲ.

ಈಗ ಅಕ್ಕನ ಮಗ ಒಂದು ಬೋಟಿನ ತಾಂಡೇಲ, ಬೋಟು ನಡೆಸುವವನು. ಕಳೆದ ಫೆಬ್ರವರಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವಷ್ಟು ದಡದ ಹತ್ತಿರ ಇದ್ದಾಗ ಫೋನು ಮಾಡಿದ. “ಮಾವ, ಹೀಟ್ ಎಂಬತ್ತೆಂಟ್ ಇತ್ತ್.”

“ಎಷ್ಟೊತ್ತಿಂದ?”

“ಬೆಳಿಗ್ಗೆ ಎಂಬತ್ತೇ ಬರ್ದಿದ್ದೆ. ಈಗ ಅರ್ಧ ಗಂಟಿಂದ ನಿಧಾನ ಹತ್ತಿತ್.”

“ಆರ್‌ಪಿಎಂ ಜಗ್ಗಿತ್ತಾ?”

“ಇಲ್ಲ. ಚಾರ್ಜೂ ಸಮ ಇತ್ತ್. ಆಯಿಲ್ ಚೂರ್ ಕಮ್ಮಿ.”

“ನೀರ್ ಬೀಳುದ್?”

“ಬೀಳ್ತಿತ್ತ್. ಆರೆ ನಿನ್ನಿನಷ್ಟಿಲ್ಲ.”

ಸುತ್ತು ಜಗ್ಗದಿದ್ದರೆ ಬಲೆಯ ಭಾರವಲ್ಲ, ಫ್ಯಾನೂ ಅಲ್ಲ. ಚಾರ್ಜು ಸಮವಿದ್ದರೆ ಬೆಲ್ಟು ಸರಿಯಿದೆ. ನಿಧಾನ ಏರಿದೆಯೆಂದರೆ ಒಳಗಿನ ಹೋಸ್ ಸೀಳಿಲ್ಲ. ಆಯಿಲ್ ಇಳಿದದ್ದು ಬಿಸಿಗೆ ಎಣ್ಣೆ ತೆಳುವಾಗಿ. ಉಳಿದದ್ದು ಕಡಲನೀರು ಒಳಬರುವ ದಾರಿ. ಬಲೆ ಎತ್ತಿಸಿ, ಎಂಜಿನ್ ನಿಲ್ಲಿಸಿ, ವಾಲ್ವ್ ಮುಚ್ಚಿ ಜರಡಿ ಬಿಚ್ಚು ಎಂದೆ. ಸ್ವಲ್ಪ ಹೊತ್ತಿನ ಮೇಲೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ: ಜರಡಿಯ ಬಾಯಿಗೆ ಅಂಗೈಯಗಲದ ಪ್ಲಾಸ್ಟಿಕ್ ತೊಟ್ಟೆಯ ಚೂರು, ಅದರ ಸುತ್ತ ಲೋಳೆಮೀನಿನ ಅಂಟು. ತೆಗೆದು ತೊಳೆದ ಮೇಲೆ ಹದಿನೈದು ನಿಮಿಷದಲ್ಲಿ ಸೂಜಿ ಮೇಲ್ತುದಿಗೆ ಬಂದಿತ್ತು. ಅವನು ಮತ್ತೆ ಬಲೆ ಬಿಡುವ ತಯಾರಿಯಲ್ಲಿದ್ದ. ಬಿಡಬೇಡ, ಮೊದಲು ಕಡಲನೀರಿನ ಪಂಪನ್ನೂ ಬಿಚ್ಚು ಎಂದೆ. ಅದರ ಒಳಗಿನ ರಬ್ಬರ್ ಇಂಪೆಲ್ಲರಿಗೆ ನೀರೇ ಎಣ್ಣೆ, ನೀರು ಸಾಲದೆ ಓಡಿದರೆ ರೆಕ್ಕೆ ಹರಿಯುತ್ತದೆ. ಬಿಚ್ಚಿದ. ಒಂದು ರೆಕ್ಕೆ ಇರಲಿಲ್ಲ. ಹೊಸ ಇಂಪೆಲ್ಲರ್ ಬೋಟಿನಲ್ಲೇ ಇತ್ತು, ಹಾಕಿದ. ಹರಿದ ತುಂಡು ಎಲ್ಲಿಗೂ ಹೋಗಿರುವುದಿಲ್ಲ, ಎಕ್ಸ್‌ಚೇಂಜರಿನ ಬಾಯಲ್ಲೇ ಕೂತು ನಾಳೆ ಮತ್ತೆ ಬಿಸಿಯೇರಿಸುತ್ತದೆ, ಅದು ಸಿಗುವವರೆಗೆ ಹುಡುಕು ಎಂದೆ. ಮುಚ್ಚಳ ತೆಗೆದು, ಟಾರ್ಚು ಹಿಡಿದು, ಕೊಕ್ಕೆ ತಂತಿಯಲ್ಲಿ ಹೊರಗೆಳೆದ.